ಮಗ ಸಾವಿನ ಬಗ್ಗೆ ತಮಾಷೆ ಮಾಡುತ್ತಾನೆ, ಅವನ ಮನಸ್ಸು ಕಲ್ಲಾಯಿತೇ ಡಾಕ್ಟ್ರೇ?

ಪ್ರಶ್ನೆ: "ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ಒಬ್ಬನೇ ಮಗ, 25 ವರ್ಷ. ಎರಡು ವರ್ಷದಿಂದ 108 ಆಂಬ್ಯುಲೆನ್ಸಿನಲ್ಲಿ ಇಎಂಟಿ, ಅಂದರೆ ರೋಗಿಯ ಜೊತೆ ಕೂತು ತುರ್ತು ಚಿಕಿತ್ಸೆ ಕೊಡುವವನು. ಹೋದ ತಿಂಗಳು ರಜೆಯಲ್ಲಿ ಮನೆಗೆ ಬಂದವನು ಮೊಬೈಲನ್ನು ಟಿವಿಗೆ ಜೋಡಿಸಿ ಅಮೆರಿಕದ ಒಂದು ಹಳೇ ಸಿನಿಮಾ ಹಾಕಿದ. 'ಮದರ್, ಜಗ್ಸ್ ಆಂಡ್ ಸ್ಪೀಡ್' ಅಂತ ಹೆಸರು. ಪೂರಾ ಆಂಬ್ಯುಲೆನ್ಸಿನವರ ಕಥೆ. ರೋಗಿಯನ್ನು ಮಲಗಿಸಿದ ಸ್ಟ್ರೆಚರ್ ಕೈತಪ್ಪಿ ರಸ್ತೆಯಲ್ಲಿ ಉರುಳಿಕೊಂಡು ಹೋಗುತ್ತದೆ, ಕಂಪೆನಿಯವರು ಗಿರಾಕಿಗೆ ಹೊಡೆದಾಡಿದ ಹಾಗೆ ರೋಗಿಗೆ ಹೊಡೆದಾಡುತ್ತಾರೆ. ಇವನು ಬಿದ್ದು ಬಿದ್ದು ನಕ್ಕ. ನನಗೆ ನೋಡಲಾಗದೆ ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋದೆ. ಮರುದಿನ ಊಟಕ್ಕೆ ಕೂತಾಗ, ದಾರಿಯಲ್ಲೇ ತೀರಿಕೊಂಡ ಒಬ್ಬ ಅಜ್ಜನ ವಿಷಯ ಬಂತು. 'ಅಜ್ಜ ಆಯುಷ್ಯಪೂರ್ತಿ ಬಸ್ಸಿಗೆ ಕಾದವರು ಅಮ್ಮ, ಕಡೆಗೆ ಸಾಸ್ತಾನ ಟೋಲಲ್ಲೂ ನಿಲ್ಲದೆ ಹೋದ್ರು' ಅಂದು ನಕ್ಕ. ನನಗೆ ತುತ್ತು ಇಳಿಯಲಿಲ್ಲ. ಚಿಕ್ಕಂದಿನಲ್ಲಿ ಕೋಳಿ ಕೊಯ್ಯುವಾಗ ಹಿತ್ತಿಲಿಗೆ ಓಡುತ್ತಿದ್ದ ಹುಡುಗ ಇವನು. ನನ್ನ ತಮ್ಮ ಹೇಳುತ್ತಾನೆ, 'ಸಿನಿಮಾದಲ್ಲಿರುವುದೇ ಸತ್ಯ ಅಕ್ಕ, ಆಂಬ್ಯುಲೆನ್ಸಿನವರೆಲ್ಲ ಕಮಿಷನ್ ಗಿರಾಕಿಗಳು, ಮನುಷ್ಯತ್ವ ಇರುವುದಿಲ್ಲ, ಕೆಲಸ ಬಿಡಿಸು' ಅಂತ. ಮಗನ ಮನಸ್ಸು ಕಲ್ಲಾಗಿದೆಯೇ? ಬಿಡಿಸಬೇಕೇ? ಉಳಿದ ಅರ್ಧ ಸಿನಿಮಾ ಒಟ್ಟಿಗೆ ನೋಡುವ ಅನ್ನುತ್ತಾನೆ, ನೋಡಲೇ?"

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಂಗಳೂರಿನಲ್ಲಿ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಂತವನು ನಾನು. ನಿಮ್ಮ ಮಗನಂಥವರು ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಬರುವುದನ್ನು ದಿನಾ ನೋಡುತ್ತೇನೆ. ರೋಗಿಯನ್ನು ಒಪ್ಪಿಸಿ ಹೊರಗೆ ಹೋಗಿ, ಗಾಡಿಯ ಹಿಂದೆ ನಿಂತು ಅವರು ನಗುವುದನ್ನೂ ಕೇಳಿದ್ದೇನೆ. ಆದ್ದರಿಂದ ನಿಮ್ಮ ದೊಡ್ಡ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಅವನ ಮನಸ್ಸು ಕಲ್ಲಾದದ್ದಕ್ಕೆ ಸಾಕ್ಷಿ ನನಗೆ ಕಾಣಲಿಲ್ಲ. ಗಮನ ಕೊಡಬೇಕಾದ ವಿಷಯಗಳಿವೆ. ಆದರೆ ಅವು ಆ ನಗುವಿನಲ್ಲಿಲ್ಲ, ಬೇರೆ ಕಡೆ ಇವೆ.

ಮೊದಲು ಸಿನಿಮಾದ ವಿಷಯ, ಯಾಕೆಂದರೆ ನಿಮ್ಮ ತಮ್ಮ ಅದನ್ನೇ ಸಾಕ್ಷಿಯಾಗಿ ಹಿಡಿದಿದ್ದಾರೆ. ಅದು 1976ರ ಚಿತ್ರ, ಪೀಟರ್ ಯೇಟ್ಸ್ ನಿರ್ದೇಶನ, ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ. ಆ ಇಸವಿಗೆ ಅರ್ಥವಿದೆ. 1960ರ ದಶಕದವರೆಗೂ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬ್ಯುಲೆನ್ಸ್ ನಡೆಸುತ್ತಿದ್ದವರು ಶವಸಂಸ್ಕಾರದ ಅಂಗಡಿಯವರು. ಮನುಷ್ಯನನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಬಳಿಯೇ. ಬದುಕಿದ್ದರೆ ಆಸ್ಪತ್ರೆಗೆ, ಇಲ್ಲದಿದ್ದರೆ ತಮ್ಮದೇ ಅಂಗಡಿಗೆ. ಒಳಗೆ ಕೂತವನಿಗೆ ತರಬೇತಿ ಇರಬೇಕೆಂಬ ನಿಯಮವೇ ಹೆಚ್ಚಿನ ಕಡೆ ಇರಲಿಲ್ಲ. 1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೊಂದು ಈ ಅವಸ್ಥೆಯನ್ನು ಬಯಲಿಗೆಳೆಯಿತು. ಮರುವರ್ಷ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಎಂಬ ಸೇವೆ ಶುರುವಾಯಿತು. ಕೆಲಸವಿಲ್ಲದೆ ಕೂತಿದ್ದ ಕಪ್ಪು ಜನಾಂಗದ ಯುವಕರಿಗೆ ಡಾ. ಪೀಟರ್ ಸಫಾರ್ ಅವರ ಮೇಲ್ವಿಚಾರಣೆಯಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಬೀದಿಗೆ ಕಳುಹಿಸಿದರು. ಇವತ್ತು ನಿಮ್ಮ ಮಗ ರೋಗಿಯ ಉಸಿರಿನ ದಾರಿ ತೆರೆದು, ಉಸಿರು ಕೊಟ್ಟು, ಎದೆ ಒತ್ತುವ ಕ್ರಮವಿದೆಯಲ್ಲ, ಅದನ್ನು ರೂಪಿಸಿದವರಲ್ಲಿ ಸಫಾರ್ ಪ್ರಮುಖರು. ಅಂದರೆ ನೀವು ನೋಡಿದ ಸಿನಿಮಾ ಒಂದು ವೃತ್ತಿ ಹುಟ್ಟುವ ಹೊತ್ತಿನ ಗೊಂದಲದ ಚಿತ್ರ. ಗಾಡಿ ಇದ್ದವನು ಆಂಬ್ಯುಲೆನ್ಸಿನವನು, ಗುತ್ತಿಗೆ ಸಿಕ್ಕಿದವನು ರಾಜ, ಅನ್ನುವ ಕಾಲ ಮುಗಿಯುತ್ತಾ ಬಂದಾಗಿನದು.

ನಮ್ಮ ಕರಾವಳಿಯಲ್ಲೂ ಅಂಥ ಕಾಲವಿತ್ತು. ಕರ್ನಾಟಕದಲ್ಲಿ 'ಆರೋಗ್ಯ ಕವಚ 108' ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮೊದಲು ಗಾಯಾಳು ನಮ್ಮ ಬಾಗಿಲಿಗೆ ಬರುತ್ತಿದ್ದದ್ದು ರಿಕ್ಷಾದಲ್ಲಿ, ಜೀಪಿನಲ್ಲಿ, ಸೀಟು ಕಿತ್ತ ಓಮ್ನಿಯಲ್ಲಿ. ಕುತ್ತಿಗೆ ಮುರಿದವರನ್ನು ಕೈಕಾಲು ಹಿಡಿದು ಎತ್ತಿ ತರುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ತರುತ್ತಿದ್ದರು, ಆದರೆ ಆ ಎತ್ತುವಿಕೆಯಲ್ಲೇ ಕೆಲವರ ಬೆನ್ನುಹುರಿ ಹೋಗುತ್ತಿತ್ತು.

ಕಮಿಷನ್ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಖಾಸಗಿ ಗಾಡಿಯ ಚಾಲಕನೊಬ್ಬ ರೋಗಿಯನ್ನು ಇಳಿಸಿ, ಕೌಂಟರಿನ ಹತ್ತಿರ ನಿಂತು, "ಇಲ್ಲಿಗೇ ತಂದದ್ದಕ್ಕೆ ನಮಗೇನು?" ಅಂತ ಕೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಹತ್ತಿರದ ಆಸ್ಪತ್ರೆಯನ್ನು ದಾಟಿಸಿ ದೂರದ್ದಕ್ಕೆ ತಂದ ಕೇಸುಗಳನ್ನೂ ಕಂಡಿದ್ದೇನೆ. ಅಂಥವರು ಇದ್ದಾರೆ. ಆದರೆ 108ರ ವ್ಯವಸ್ಥೆ ಬೇರೆ. ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಕರೆ ಬಂದ ಹೊತ್ತು, ಗಾಡಿ ಹೊರಟ ಹೊತ್ತು, ಇಳಿಸಿದ ಜಾಗ ಎಲ್ಲ ದಾಖಲೆಯಾಗುತ್ತದೆ. ನಿಮ್ಮ ಮಗ ತಿಂಗಳ ಸಂಬಳದವನು, ಆ ಸಂಬಳವೂ ಎಷ್ಟೋ ಸಲ ತಡವಾಗಿ ಬಂದದ್ದಿದೆ. ಬಾಕಿ ವೇತನಕ್ಕಾಗಿ ರಾಜ್ಯದ 108 ಸಿಬ್ಬಂದಿ ಮುಷ್ಕರದ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ಒಂದಕ್ಕಿಂತ ಹೆಚ್ಚು ಸಲ. ಅವನನ್ನು ಕಮಿಷನ್ ಗಿರಾಕಿ ಅನ್ನುವುದು ಅನ್ಯಾಯ. ಅವನೆದುರು ಆ ಮಾತು ಬಾರದಂತೆ ನೋಡಿಕೊಳ್ಳಿ, ಇಡೀ ದಿನ ದುಡಿದು ಬಂದವನಿಗೆ ಅದು ಆಳವಾಗಿ ತಾಗುತ್ತದೆ.

ಸಿನಿಮಾದಲ್ಲಿ ನೀವು ನೋಡದೆ ಬಿಟ್ಟಿರಬಹುದಾದ ಒಂದು ಭಾಗವಿದೆ. ಪ್ರಜ್ಞೆಯಿಲ್ಲದ ಯುವತಿಯೊಬ್ಬಳ ಮೇಲೆ ಸಿಬ್ಬಂದಿಯೊಬ್ಬ ಕೈಹಾಕಲು ಹೋಗುತ್ತಾನೆ. ಅದು ಹಾಸ್ಯವಲ್ಲ, ಅಪರಾಧ. ನೆರೆಯ ಕೇರಳದಲ್ಲಿ 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಸೋಂಕಿತೆಯ ಮೇಲೆ ಆಂಬ್ಯುಲೆನ್ಸ್ ಚಾಲಕನೇ ಅತ್ಯಾಚಾರ ಎಸಗಿದ್ದು ನಿಮಗೂ ನೆನಪಿರಬಹುದು. ರೋಗಿಯ ಜೊತೆ ಯಾವಾಗಲೂ ಎರಡನೇ ಸಿಬ್ಬಂದಿ ಇರಲೇಬೇಕು ಅನ್ನುವುದು ಈ ಕಾರಣಕ್ಕೂ ಹೌದು. ಹೆಂಗಸರನ್ನು ಆ ಸಿನಿಮಾ ನೋಡುವ ರೀತಿ ನನಗೆ ಹಿಡಿಸುವುದಿಲ್ಲ, ಅದರ ಹೆಸರಿನಲ್ಲೇ 'ಜಗ್ಸ್' ಎಂಬ ಅಸಭ್ಯ ಅಡ್ಡಹೆಸರಿದೆ. ಆದರೆ ಅದೇ ಅಡ್ಡಹೆಸರಿನ ಹುಡುಗಿ ಆಫೀಸಿನಲ್ಲಿ ಫೋನ್ ಎತ್ತುತ್ತಲೇ, ಯಾರಿಗೂ ಹೇಳದೆ ರಾತ್ರಿ ತರಗತಿಗೆ ಹೋಗಿ ಲೈಸೆನ್ಸ್ ಪಡೆದು, "ನಾನೂ ಗಾಡಿಯಲ್ಲಿ ಹೋಗುತ್ತೇನೆ" ಅಂತ ಹಠ ಹಿಡಿಯುತ್ತಾಳೆ. ಇವತ್ತು ನಮ್ಮ 108ರಲ್ಲಿ ಹೆರಿಗೆ ಮಾಡಿಸುತ್ತಿರುವ ಸ್ಟಾಫ್ ನರ್ಸ್‌ಗಳನ್ನು ನೋಡಿದಾಗ ನನಗೆ ಅವಳ ನೆನಪಾಗುತ್ತದೆ.

ಇನ್ನು ನಗುವಿನ ಮಾತು.

ನಿಮ್ಮ ಮಗನ ಕೆಲಸದಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಕಷ್ಟವಿದೆ. ಸಾವನ್ನು ಘೋಷಿಸುವ ಅಧಿಕಾರ ವೈದ್ಯರದ್ದು, ಇಎಂಟಿಯದ್ದಲ್ಲ. ಬೈಂದೂರಿನ ಆಚೆಯ ಮನೆಯೊಂದರಲ್ಲಿ ಅಜ್ಜನ ಹೃದಯ ನಿಂತಿದೆ ಎಂದುಕೊಳ್ಳಿ. ಮಗ, ಸೊಸೆ, ಮೊಮ್ಮಕ್ಕಳು ಸುತ್ತ ನಿಂತಿದ್ದಾರೆ. ಗಾಡಿಗೆ ಹತ್ತಿಸಿ, ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಎದೆ ಒತ್ತುತ್ತಾ ಆಸ್ಪತ್ರೆವರೆಗೆ ಬರಬೇಕು. ಒತ್ತುವಾಗ ಪಕ್ಕೆಲುಬು ಮುರಿಯುವುದು ಅಂಗೈಗೆ ಗೊತ್ತಾಗುತ್ತದೆ. ಅರ್ಧ ದಾರಿಯಲ್ಲೇ ಇನ್ನಿಲ್ಲ ಎಂದು ಅವನಿಗೆ ತಿಳಿದಿರುತ್ತದೆ, ಆದರೆ ನಿಲ್ಲಿಸುವಂತಿಲ್ಲ. ಎದುರು ಕೂತ ಮಗ "ಅಪ್ಪ ಉಸಿರಾಡ್ತಾ ಇದ್ದಾರಾ?" ಅಂತ ಕೇಳುತ್ತಲೇ ಇರುತ್ತಾನೆ. ಬಾಗಿಲಲ್ಲಿ ನಾವು ನೋಡಿ 'ಬ್ರಾಟ್ ಡೆಡ್', ಅಂದರೆ ತರುವಾಗಲೇ ಜೀವ ಹೋಗಿತ್ತು, ಎಂದು ಬರೆಯುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಅವನು ಸ್ಟ್ರೆಚರ್ ತೊಳೆದು, ಚಾದರ ಬದಲಿಸಿ, ಮುಂದಿನ ಕರೆಗೆ ತಯಾರಾಗಬೇಕು. ಮುಂದಿನದು ಹೆರಿಗೆ ಕೇಸ್ ಆಗಿರಬಹುದು, ಅಲ್ಲಿ ಅವನು ನಗುಮುಖದಲ್ಲಿ ನಿಲ್ಲಬೇಕು.

ಆ ಎರಡು ಕರೆಗಳ ನಡುವೆ ಹತ್ತು ನಿಮಿಷ ಇರುತ್ತದೆ. ಪೈಲಟ್, ಅಂದರೆ ಗಾಡಿಯ ಚಾಲಕ, ಮತ್ತು ಅವನು, ಇಬ್ಬರೇ. ಆ ಹತ್ತು ನಿಮಿಷದಲ್ಲಿ ಅಳಲು ಜಾಗವಿಲ್ಲ, ಅತ್ತರೆ ಮುಂದಿನ ಕೇಸಿಗೆ ಕೈ ನಡುಗುತ್ತದೆ. ಆಗ ಒಬ್ಬ ಒಂದು ಮಾತು ಎಸೆಯುತ್ತಾನೆ, ಇನ್ನೊಬ್ಬ ನಗುತ್ತಾನೆ. ಕಂಡದ್ದನ್ನು ಒಂದು ಗೇಣು ದೂರ ಇಟ್ಟು ನೋಡುವ ದಾರಿ ಅದು. ಬೆಂಕಿ ಆರಿಸುವವರಲ್ಲಿ, ಶವಾಗಾರದ ಸಿಬ್ಬಂದಿಯಲ್ಲಿ, ನಮ್ಮ ಕ್ಯಾಶುವಾಲ್ಟಿಯಲ್ಲಿ, ಎಲ್ಲ ಕಡೆ ಇದನ್ನು ಕಾಣಬಹುದು. ನಮ್ಮ ಸಾವಿನ ಮನೆಗಳನ್ನೇ ನೆನಪಿಸಿಕೊಳ್ಳಿ. ದೂರದೂರಿನ ಮಗ ಬರುವವರೆಗೆ ರಾತ್ರಿ ಜಗಲಿಯಲ್ಲಿ ಕಾಯುವ ನೆರೆಯವರು, ತೀರಿಕೊಂಡವರು ಒಮ್ಮೆ ಕಂಬಳದ ಗದ್ದೆಯಲ್ಲಿ ಜಾರಿ ಬಿದ್ದದ್ದನ್ನು ಹೇಳಿ ಮೆಲ್ಲಗೆ ನಗುವುದಿಲ್ಲವೇ? ಅವರಲ್ಲಿ ಯಾರಿಗೂ ಪ್ರೀತಿ ಇರಲಿಲ್ಲ ಎಂದು ನಾವು ಹೇಳುವುದಿಲ್ಲ.

ನಿಮ್ಮ ಮಗನ ಮಾತನ್ನು ಇನ್ನೊಮ್ಮೆ ಕೇಳಿ. 'ಆಯುಷ್ಯಪೂರ್ತಿ ಬಸ್ಸಿಗೆ ಕಾದವರು.' ಅದು ಅವನಿಗೆ ಹೇಗೆ ಗೊತ್ತಾಯಿತು? ಅಜ್ಜನ ಬಗ್ಗೆ ಮನೆಯವರಲ್ಲಿ ಕೇಳಿದ್ದಾನೆ, ಅಥವಾ ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳಿಸಿಕೊಂಡಿದ್ದಾನೆ. ಅಜ್ಜ ಅವನಿಗೆ ಬರೀ ಒಂದು ಕೇಸ್ ಆಗಿರಲಿಲ್ಲ. ಕೋಳಿ ಕೊಯ್ಯುವುದನ್ನು ನೋಡಲಾಗದೆ ಓಡುತ್ತಿದ್ದ ಹುಡುಗ ಇನ್ನೂ ಅಲ್ಲೇ ಇದ್ದಾನೆ. ಈಗ ಹಿತ್ತಿಲಿಗೆ ಓಡಲು ಅವನಿಗೆ ಸಾಧ್ಯವಿಲ್ಲ, ಅಷ್ಟೇ.

ಹಾಗೆಂದು ಎಲ್ಲ ನಗುವೂ ಸರಿ ಎಂದು ನಾನು ಹೇಳಲಾರೆ. ಅದು ಯಾರ ಮೇಲೆ ಎಂಬುದು ಮುಖ್ಯ. ವಿಧಿಯ ಮೇಲೆ, ರಸ್ತೆಯ ಗುಂಡಿಯ ಮೇಲೆ, ತಮ್ಮ ಅಸಹಾಯಕತೆಯ ಮೇಲೆ ನಕ್ಕರೆ ಅದು ಉಸಿರು ಬಿಡುವ ಕಿಂಡಿ. ರೋಗಿಯ ಬಡತನ, ಜಾತಿ, ಮೈಕಟ್ಟು, ಕುಡಿತ ಇವುಗಳ ಮೇಲೆ ಮತ್ತೆ ಮತ್ತೆ ನಗುತ್ತಿದ್ದರೆ ಅಲ್ಲಿ ಬೇರೇನೋ ಕೆಟ್ಟಿದೆ. ರೋಗಿಗೆ, ಮನೆಯವರಿಗೆ ಕೇಳಿಸುವಂತೆ ನಗುವುದಂತೂ ಸಲ್ಲದು. ಪ್ರಜ್ಞೆ ಇಲ್ಲದಂತೆ ಕಾಣುವವರಿಗೂ ಕಿವಿ ಕೇಳಿಸುತ್ತಿರಬಹುದು. ಫೋಟೋ, ವಿಡಿಯೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಇನ್ನೂ ದೊಡ್ಡ ತಪ್ಪು. ನಿಮ್ಮ ಮಗನ ಫೋನಿನಲ್ಲಿ ಅಂಥದ್ದು ಕಂಡರೆ ನಯವಾಗಿ ಅಲ್ಲ, ಗಟ್ಟಿಯಾಗಿಯೇ ಹೇಳಿ.

ಆದರೆ ನನ್ನ ಅನುಭವದಲ್ಲಿ ಹೆಚ್ಚು ಹೆದರಬೇಕಾದದ್ದು ನಗುವಿಗಲ್ಲ, ನಗು ನಿಂತಾಗ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಇಎಂಟಿ ಇದ್ದ. ಅವನು ಬಂದರೆ ನೈಟ್ ಡ್ಯೂಟಿಯ ಸಿಸ್ಟರ್‌ಗಳಿಗೆಲ್ಲ ಉತ್ಸಾಹ, ಅಷ್ಟು ಮಾತುಗಾರ. ಒಂದು ಮಳೆಗಾಲದಲ್ಲಿ ನೀರಿಗೆ ಬಿದ್ದ ಪುಟ್ಟ ಮಗುವನ್ನು ತಂದ. ಉಳಿಯಲಿಲ್ಲ. ಆಮೇಲೆ ಅವನ ತಮಾಷೆ ನಿಂತಿತು. ನಾವೆಲ್ಲ 'ಹುಡುಗನಿಗೆ ಗಾಂಭೀರ್ಯ ಬಂತು' ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ. ಎರಡು ತಿಂಗಳ ನಂತರ, ಮಗುವಿನ ಕೇಸ್ ಬಂದಾಗೆಲ್ಲ ಅವನು ಗಾಡಿಯಿಂದ ಇಳಿಯಲಾರದೆ ಕೂತಿರುತ್ತಾನೆ ಎಂದು ಪೈಲಟ್ ಹೇಳಿದಾಗಲೇ ನನಗೆ ಅರ್ಥವಾದದ್ದು. ಅಷ್ಟರಲ್ಲಿ ನಿದ್ದೆಗೆಂದು ಕುಡಿತ ಶುರುವಾಗಿತ್ತು. ಚಿಕಿತ್ಸೆಯಾಯಿತು, ಹಲವು ತಿಂಗಳು ಬೇಕಾಯಿತು. ಈಗ ಅವನು ಪ್ರಥಮ ಚಿಕಿತ್ಸೆ ಕಲಿಸುತ್ತಾನೆ, ಗಾಡಿಗೆ ಮರಳಲಿಲ್ಲ. ಆ ಎರಡು ತಿಂಗಳು ನಮ್ಮ ಕಣ್ಣ ಮುಂದೆಯೇ ಕಳೆದುಹೋದವು.

ಆದ್ದರಿಂದ ನೀವು ನೋಡಬೇಕಾದದ್ದು ಇವು. ರಜೆಯ ದಿನವೂ ಅವನಿಗೆ ನಿದ್ದೆ ಬರುತ್ತದೆಯೇ, ಬೆಚ್ಚಿ ಏಳುತ್ತಾನೆಯೇ. ಸೈರನ್ ಕೇಳಿದರೆ, ಪಟಾಕಿ ಹೊಡೆದರೆ ಮೈ ಬಿಗಿಯಾಗುತ್ತದೆಯೇ. ಒಂದು ನಿರ್ದಿಷ್ಟ ರಸ್ತೆ, ತಿರುವು, ಊರಿನ ಹೆಸರನ್ನು ತಪ್ಪಿಸುತ್ತಾನೆಯೇ. ಸಣ್ಣ ಮಾತಿಗೆ ಸಿಡಿಯುತ್ತಾನೆಯೇ. ಮೇಳದ ಆಟಕ್ಕೆ, ಕ್ರಿಕೆಟಿಗೆ ಹೋಗುತ್ತಿದ್ದವನು ಗೆಳೆಯರ ಫೋನ್ ಎತ್ತುವುದನ್ನೇ ಬಿಟ್ಟಿದ್ದಾನೆಯೇ. ಒಂದು ಕೆಟ್ಟ ಕೇಸಿನ ನಂತರ ಕೆಲವು ದಿನ ಹೀಗಾಗುವುದು ಸಹಜ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಸಾಯುವ ಮಾತು ಆಡಿದರಂತೂ ಒಂದು ದಿನವೂ ಕಾಯಬೇಡಿ. ನೀವು ಬರೆದದ್ದರಲ್ಲಿ ಇವ್ಯಾವುವೂ ಇಲ್ಲ. ಅವನು ರಜೆಗೆ ಮನೆಗೆ ಬರುತ್ತಾನೆ, ಊಟಕ್ಕೆ ಕೂರುತ್ತಾನೆ, ನಿಮ್ಮ ಜೊತೆ ಸಿನಿಮಾ ನೋಡಬೇಕು ಅನ್ನುತ್ತಾನೆ. ನನಗೆ ಇದು ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ.

ಕೆಲಸ ಬಿಡಿಸುವ ಮಾತಿಗೆ ಬರುತ್ತೇನೆ. ಒತ್ತಾಯ ಮಾಡಿ ಬಿಡಿಸಿದರೆ ಕಂಡ ದೃಶ್ಯಗಳು ಅವನ ಜೊತೆಗೇ ಬರುತ್ತವೆ, ಅವನ್ನು ಅರ್ಥ ಮಾಡಿಕೊಳ್ಳುವ ಜೊತೆಗಾರರು ಮಾತ್ರ ಹಿಂದೆ ಉಳಿಯುತ್ತಾರೆ. ಅವನಾಗಿಯೇ ಸಾಕು ಅಂದರೆ ಮಾತು ಬೇರೆ, ಆಗ ಅದನ್ನು ಸೋಲು ಎಂದು ಯಾರೂ ಹೇಳಕೂಡದು. ನಡುವಿನ ದಾರಿಗಳೂ ಇವೆ. ಕಷ್ಟದ ಕೇಸಿನ ನಂತರ ರಜೆ ಕೇಳುವುದು, ಹೆದ್ದಾರಿಯ ಪಾಯಿಂಟಿನಿಂದ ಬೇರೆ ಕಡೆಗೆ ಬದಲಾವಣೆ ಕೇಳುವುದು, ಆಸ್ಪತ್ರೆಯ ತುರ್ತು ವಿಭಾಗದೊಳಗೆ ಕೆಲಸ ಹುಡುಕುವುದು. ಬದಲಾವಣೆ ಕೇಳಿದರೆ 'ಇವನಿಗೆ ಆಗುವುದಿಲ್ಲ' ಎಂಬ ಹೆಸರು ಬರುವ ಭಯ ಹುಡುಗರಲ್ಲಿದೆ, ಆ ಭಯ ನಿಜವೇ. ಆದ್ದರಿಂದ ಅವನು ಮೊದಲು ನಂಬಿಕೆಯ ಒಬ್ಬ ಹಿರಿಯ ಪೈಲಟ್ ಹತ್ತಿರ ಮಾತಾಡಲಿ.

ಒಂದು ಎಚ್ಚರಿಕೆ. ಕೆಟ್ಟ ದಿನದ ರಾತ್ರಿ ಅವನನ್ನು ಕೂರಿಸಿ 'ಎಲ್ಲ ಹೇಳು, ಮನಸ್ಸು ಹಗುರಾಗುತ್ತದೆ' ಅಂತ ಒತ್ತಾಯಿಸಬೇಡಿ. ಘಟನೆ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಅದು ಮುಂದಿನ ತೊಂದರೆಯನ್ನು ತಡೆಯುವುದಿಲ್ಲ, ಕೆಲವರಿಗೆ ಹೆಚ್ಚೂ ಮಾಡಬಹುದು ಎಂದು ನಂತರದ ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡ ಅನ್ನುತ್ತದೆ. ಬಿಸಿ ಊಟ, ಸ್ನಾನ, ಪಕ್ಕದಲ್ಲಿ ಒಬ್ಬರು, ಅವನಾಗಿ ಬಾಯಿ ಬಿಟ್ಟರೆ ಅಡ್ಡ ಬಾರದೆ ಕೇಳುವುದು, ಇಷ್ಟು ಸಾಕು. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ. ಆಘಾತದ ಮೊದಲ ತಿಂಗಳಲ್ಲಿ ಆ ಗುಂಪಿನ ಮಾತ್ರೆಗಳಿಂದ ಲಾಭಕ್ಕಿಂತ ಅಪಾಯ ಹೆಚ್ಚು, ಅಭ್ಯಾಸವೂ ಆಗುತ್ತದೆ.

ಚಿಕಿತ್ಸೆಯೇ ಬೇಕಾದರೆ ಅದು ಇದೆ, ಗುಣವೂ ಆಗುತ್ತದೆ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಮೊದಲ ಆಯ್ಕೆ, ಕೆಲವರಿಗೆ ಜೊತೆಗೆ ಔಷಧಿ ಬೇಕಾಗುತ್ತದೆ. ಔಷಧಿ ಶುರುವಿನ ವಾರಗಳಲ್ಲಿ ಮಂಪರು ಬರಬಹುದು, ಆ ದಿನಗಳ ಡ್ಯೂಟಿಯ ಬಗ್ಗೆ ವೈದ್ಯರಲ್ಲಿ ಮುಂಚಿತವಾಗಿ ಕೇಳಲಿ. ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಂಗಳೂರಿನ ವೆನ್ಲಾಕ್, ಮಣಿಪಾಲದ ಕಸ್ತೂರ್ಬಾ, ಎಲ್ಲಿಗೆ ಬೇಕಾದರೂ ಹೋಗಬಹುದು. ಆಫೀಸಿಗೆ ಗೊತ್ತಾದರೆ ಎಂಬ ಹೆದರಿಕೆ ಇದ್ದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿಷಯ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ ಎಂದು ಹೇಳಿ. ಹೋಗಲು ಮನಸ್ಸಿಲ್ಲದಿದ್ದರೆ 14416, ಟೆಲಿ ಮಾನಸ್. ಹಗಲು ರಾತ್ರಿ ಯಾವಾಗಲೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ತಾಯಿಯಾಗಿ ನೀವೂ ಮಾಡಬಹುದು.

ಸಿನಿಮಾಗಳು ಬಿತ್ತುವ ಇನ್ನೊಂದು ಭ್ರಮೆ ಇವನ ಎದೆಯ ಮೇಲೆ ಭಾರವಾಗಿ ಕೂರುವುದರಿಂದ ಅದನ್ನೂ ಹೇಳಬೇಕು. ಪರದೆಯ ಮೇಲೆ ಎದೆ ಒತ್ತಿದರೆ ಜನ ಎದ್ದು ಕೂರುತ್ತಾರೆ. ಅಮೆರಿಕದ ಟಿವಿ ಸರಣಿಗಳನ್ನು ಎಣಿಸಿ ನೋಡಿದ 1996ರ ಅಧ್ಯಯನವೊಂದರಲ್ಲಿ, ಹಾಗೆ ಎದೆ ಒತ್ತಿಸಿಕೊಂಡವರಲ್ಲಿ ಮುಕ್ಕಾಲು ಪಾಲು ಜನ ಆ ಕ್ಷಣಕ್ಕೆ ಬದುಕಿದ್ದರು. ನಿಜದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಅಲ್ಲಿ ಕೂಡ ಮನೆಗೆ ಮರಳುವವರು ಹತ್ತರಲ್ಲಿ ಸುಮಾರು ಒಬ್ಬರು. ಜನ ಪರದೆಯ ಲೆಕ್ಕ ಇಟ್ಟುಕೊಂಡು ಬರುತ್ತಾರೆ, ಅಜ್ಜ ಹೋದರೆ ಇಎಂಟಿಯ ಕಾಲರ್ ಹಿಡಿಯುತ್ತಾರೆ.

ವೇಗದ ಬಗ್ಗೆಯೂ ಹೀಗೆಯೇ. 2020ರ ಫೆಬ್ರುವರಿಯಲ್ಲಿ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ್ದನ್ನು ಊರೆಲ್ಲ ಕೊಂಡಾಡಿತು. ಆದರೆ ಅದರ ಹಿಂದೆ ದಾರಿಯುದ್ದಕ್ಕೂ ಪೊಲೀಸರು, ಸಾರ್ವಜನಿಕರು ರಸ್ತೆ ತೆರವು ಮಾಡಿಕೊಟ್ಟಿದ್ದರು. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿಗೆ ರೋಗಿಯನ್ನು ತರುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲಿನಲ್ಲಿ ಮಳೆನೀರಿಗೆ ಜಾರಿ ಪಲ್ಟಿಯಾಗಿ ನಾಲ್ವರು ತೀರಿಕೊಂಡರು. ನಿಮ್ಮ ಮಗ ದಿನಾ ಓಡಾಡುವ ಹೆದ್ದಾರಿಯೇ ಅದು. ಟೋಲಿನ ತಮಾಷೆ ಅವನ ಬಾಯಿಗೆ ಸುಮ್ಮನೆ ಬಂದದ್ದಲ್ಲ ಎಂದು ನನಗೆ ಅನ್ನಿಸುತ್ತದೆ.

ಕಡೆಯ ಪ್ರಶ್ನೆ, ಉಳಿದರ್ಧ ಸಿನಿಮಾ. ನೋಡಿ. ನಗುತ್ತಾ ಹೋಗುವ ಆ ಕಥೆಯಲ್ಲಿ ಒಂದು ಕಡೆ, ಕರೆಗೆ ಹೋದ ಸಿಬ್ಬಂದಿಯೊಬ್ಬ ಮಾದಕ ವಸ್ತುವಿಗಾಗಿ ಹುಚ್ಚಾದ ಹೆಂಗಸಿನ ಗುಂಡಿಗೆ ಸಾಯುತ್ತಾನೆ. ಯಾರೂ ನಿರೀಕ್ಷಿಸದ ಹಾಗೆ, ಒಂದೇ ಕ್ಷಣದಲ್ಲಿ. ನಿಮ್ಮ ಮಗ ಸಿನಿಮಾವನ್ನು ಮೊದಲೇ ನೋಡಿರಬಹುದು, ಆ ದೃಶ್ಯ ಬರುತ್ತದೆಂದು ಗೊತ್ತಿದ್ದೇ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡಿರಬಹುದು. ಆಗ ಏನೂ ಕೇಳಬೇಡಿ. ಅವನು ಎದ್ದು ಅಂಗಳಕ್ಕೆ ಹೋದರೆ ಸ್ವಲ್ಪ ಹೊತ್ತು ಬಿಟ್ಟು, ಎರಡು ಲೋಟ ಚಹಾ ಮಾಡಿಕೊಂಡು ನೀವೂ ಹೋಗಿ ಕೂತುಕೊಳ್ಳಿ.